ಹಗ್ಗವಿಲ್ಲದ ಬೂದಿಬಣ್ಣದ ಕಾರು

ಮೊನ್ನೆ ಸಂಜೆ ಪಕ್ಕದ ಮನೆಯ ಮ್ಯಾನೇಜರರು ಗೇಟು ತೆರೆದುಕೊಂಡು ಬಂದು, ನನ್ನೆದುರು ಕುರ್ಚಿ ಎಳೆದು ಕೂತು, ತಮ್ಮ ಫೋನನ್ನು ನನ್ನ ಮೂಗಿನ ಸಮೀಪ ಹಿಡಿದರು. ಬ್ಯಾಂಕಿನಿಂದ ನಿವೃತ್ತರಾಗಿದ್ದರೂ ನಮ್ಮ ಓಣಿಗೆ ಅವರು ಮ್ಯಾನೇಜರರೇ. ಫೋನಿನ ಗಾಜಿನ ಮೇಲೆ ಮೂರು ಕಾರುಗಳು ನಿಂತಿದ್ದವು. ಈ ವಯಸ್ಸಿನಲ್ಲಿ ಕಾರು ಕೊಳ್ಳುವ ಬುದ್ಧಿ ಇವರಿಗೆ ಯಾಕೆ ಬಂತಪ್ಪಾ ಎಂದು ಮೊದಲು ಮರುಗಿದೆ. ಆಮೇಲೆ ತಿಳಿಯಿತು, ಅವು ಮೊಳದುದ್ದದವು. ಕೈಯಲ್ಲೊಂದು ಡಬ್ಬಿ ಹಿಡಿದು ದೂರದಿಂದಲೇ ಓಡಿಸುವಂಥವು.

“ಮೊಮ್ಮಗಗೇನ್ರಿ?” ಎಂದೆ.

“ಅಲ್ರಿ, ನನಗ,” ಎಂದರು ಮ್ಯಾನೇಜರರು, ಸಾಲದ ಅರ್ಜಿ ತಿರಸ್ಕರಿಸುವ ಗಾಂಭೀರ್ಯದಿಂದ. “ಭಾಳ ತುಟ್ಟಿ ಬ್ಯಾಡ. ಹೊಸಬರಿಗೆ ಹೊಂದೂವಂಥಾದ್ದು ಬೇಕು. ಯಾವುದು ತಗೊಳ್ಳಲಿ, ಹೇಳ್ರಿ.”

“ಅದೆಲ್ಲಾ ನನಗೀಗ ತಿಳಿಯೂದಿಲ್ರಿ,” ಎಂದೆ. ಮೊಣಕಾಲುಗಳು ಕೈಕೊಟ್ಟಂದಿನಿಂದ ನಾನು ರೂಢಿಸಿಕೊಂಡ ಉತ್ತರ ಇದು. ಮದುವೆಗೆ ಕರೆದರೂ ಇದೇ, ಓಣಿಯ ಜಗಳದಲ್ಲಿ ನ್ಯಾಯ ಹೇಳೆಂದರೂ ಇದೇ, ಮಾವಿನಹಣ್ಣು ಹುಳಿಯೋ ಸಿಹಿಯೋ ಎಂದು ಕೇಳಿದರೂ ಇದೇ. ಬಹಳ ಅನುಕೂಲದ ಉತ್ತರ. ಒಮ್ಮೆ ಹೇಳಿಬಿಟ್ಟರೆ ಕುರ್ಚಿಯಿಂದ ಏಳುವ ಪ್ರಸಂಗವೇ ಬರುವುದಿಲ್ಲ.

ಮ್ಯಾನೇಜರರು ಮುಖ ಸಣ್ಣದು ಮಾಡಿಕೊಂಡು ಹೋದರು. ಆದರೆ “ಹೊಸಬರಿಗೆ ಹೊಂದೂವಂಥಾದ್ದು” ಎಂಬ ಮಾತನ್ನು ಖಾಲಿ ಕುರ್ಚಿಯ ಮೇಲೆ ಬಿಟ್ಟು ಹೋದರು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು! ನಮ್ಮ ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಅರ್ಧ ಆಯುಷ್ಯವನ್ನು ಆ ಒಂದು ಮಾತಿಗೆ ಉತ್ತರ ಹೇಳುತ್ತ ಕಳೆದವನು. ಸ್ವಲ್ಪ ಸರಿದು ಕೂತುಕೊಳ್ಳಿ. ಎಪ್ಪತ್ತರ ದಶಕದ ಕೊನೆಗೊಮ್ಮೆ ಹೋಗಿಬರೋಣ. ಬಸವನ ಬಾಗೇವಾಡಿಯ ನಮ್ಮ ಹಳೆಯ ಮನೆಯ ಕಟ್ಟೆ ಅಗಲವಾಗಿದೆ, ನಿಮಗೂ ಜಾಗವಾಗುತ್ತದೆ.

ದೊಡ್ಡಪ್ಪನ ಹೆಸರು ಸಂಗಪ್ಪ. ಮುದ್ದೇಬಿಹಾಳದಿಂದ ಇಂಡಿ ಊರಿನವರೆಗೆ ಯಾವ ದನದ ಸಂತೆಯಲ್ಲಾದರೂ ಸಂಗಪ್ಪಣ್ಣ ಬಂದಿದ್ದಾನೆಂದರೆ ದಲಾಲಿಗಳು ಬೀಡಿ ಆರಿಸಿ ನೆಟ್ಟಗೆ ನಿಲ್ಲುತ್ತಿದ್ದರಂತೆ. ಹೀಗೆಂದು ಹೇಳಿದವನು ದೊಡ್ಡಪ್ಪನೇ ಆದ್ದರಿಂದ ಬೀಡಿಯ ವಿಷಯವನ್ನು ನೀವು ಬಿಟ್ಟುಬಿಡಬಹುದು. ಮಿಕ್ಕದ್ದು ನಿಜ. ಹೊಸದಾಗಿ ಒಕ್ಕಲುತನಕ್ಕೆ ಇಳಿದವರು, ಅಪ್ಪನಿಂದ ಬೇರೆಯಾಗಿ ಮೊದಲ ಜೋಡಿ ಎತ್ತು ಕೊಳ್ಳುವವರು, ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಹಲ್ಲು, ಗೊರಸು, ಮೈಮೇಲಿನ ಸುಳಿ ಎಲ್ಲರೂ ನೋಡುತ್ತಾರೆ. ದೊಡ್ಡಪ್ಪ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಎತ್ತಿನ ಹೆಗಲಿಗೆ ತನ್ನ ಹೆಗಲು ಹಚ್ಚಿ, ಅದೇ ಹೆಜ್ಜೆಯಲ್ಲಿ ಸಂತೆಯ ಈ ತುದಿಯಿಂದ ಆ ತುದಿಗೆ ಅದರ ಜೊತೆ ನಡೆಯುತ್ತಿದ್ದ. ಮದುಮಕ್ಕಳ ಮೆರವಣಿಗೆಯಂತೆ ಕಾಣುತ್ತಿತ್ತು. ತುದಿ ಮುಟ್ಟಿದ ಮೇಲೆ ಒಂದೇ ಮಾತು: ಹಿಡಿ, ಇಲ್ಲವೇ ಬಿಡು. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಒಂದು ಮಳೆಗಾಲದಲ್ಲಿ ಬಂಡಿ ಮಗುಚಿ ಅವನ ಎಡಗಾಲು ಬಗ್ಗದಂತಾಯಿತು. ಕೋಲು ಹಿಡಿದು ಮನೆಯಲ್ಲಿ ಓಡಾಡುವಷ್ಟು ಸುಧಾರಿಸಿದ. ಆದರೆ ಎತ್ತು ನೋಡುವುದನ್ನು ಬಿಟ್ಟೇಬಿಟ್ಟ. “ಜೋಡಿ ನಡಿಯಲಾರದವ ನಡಿಗಿ ಏನ ಹೇಳ್ತಾನ?” ಎಂದು ಬಂದವರನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದ. ಬರುವವರು ಕಡಿಮೆಯಾದರು. ದೊಡ್ಡಪ್ಪ ಪಡಸಾಲೆಯ ಮೂಲೆಯಲ್ಲಿ ಕೂತು ದೊಡ್ಡವ್ವನ ಅಡುಗೆಯಲ್ಲಿ ತಪ್ಪು ಹುಡುಕತೊಡಗಿದ. ಪರೀಕ್ಷೆ ಮಾಡುವ ಮನುಷ್ಯನಿಗೆ ಪರೀಕ್ಷಿಸಲು ಏನಾದರೂ ಬೇಕಲ್ಲ! ದೊಡ್ಡವ್ವ ಒಂದು ದಿನ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಮ್ಮಪ್ಪನಿಗೆ ಹೇಳಿದಳು: “ಮಾಸ್ತರ, ಅವರನ್ನ ಎಲ್ಯರ ಕರಕೊಂಡ ಹೋಗು. ನನ್ನ ರೊಟ್ಟಿಗೂ ಸುಳಿ ನೋಡಾಕತ್ತಾರ. ಹಿಂಗ ಕುಂತ್ರ ಮನಶ್ಯಾ ಉಳಿಯೂದಿಲ್ಲ.” ಕಡೆಯ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ.

ನಮ್ಮಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಯಂತ್ರಗಳ ತತ್ವವನ್ನೆಲ್ಲ ಬಲ್ಲವನು. ಯಂತ್ರಗಳು ಮಾತ್ರ ಅವನನ್ನು ಬಲ್ಲವಾಗಿರಲಿಲ್ಲ. ಸೈಕಲ್ಲು ಅವನನ್ನು ಹಲವು ಸಲ ಹೊಂಡಕ್ಕೆ ಕರೆದೊಯ್ದಿತ್ತು. ಅವನು ಅದೇ ತಾನೇ ಇಂಡಿಯ ಒಂದು ಮದುವೆಗೆ ಹೋಗಿ ಬಂದಿದ್ದ. ಅಲ್ಲಿಯ ವಿಠ್ಠಲಶೇಟರು ಎಂಬವರ ಗಡಿಯಾರ-ರೇಡಿಯೋ ಅಂಗಡಿಯಲ್ಲಿ, ಮುಂಬಯಿಯಿಂದ ಬಂದ, ತಂತಿಯಿಲ್ಲದೆ ರೇಡಿಯೋ ಅಲೆಯಿಂದಲೇ ಓಡುವ ಪುಟ್ಟ ಕಾರು ನೋಡಿ ಮದುವೆಯ ಊಟವನ್ನೇ ಮರೆತಿದ್ದ. ಸಾಲಿಯ ಹುಡುಗರಿಗೆ ತೋರಿಸಲು ಒಂದು ಬೇಕು ಎನ್ನುತ್ತಿದ್ದ. ಯಾರಿಗೆ ಬೇಕಾಗಿತ್ತೆಂದು ಅವನ ಕಣ್ಣು ನೋಡಿದವರಿಗೆಲ್ಲ ಗೊತ್ತಿತ್ತು.

“ಅಣ್ಣಾ, ನನಗ ಒಂದು ಕಾರ ಆರಿಸಿ ಕೊಡಬೇಕು,” ಎಂದ.

“ನಾ ನೋಡೂದ ಬಿಟ್ಟೇನಿ.”

“ಎತ್ತ ನೋಡೂದ ಬಿಟ್ಟಿ. ಇದು ಎತ್ತಲ್ಲ.”

ದೊಡ್ಡಪ್ಪ ಬಹಳ ಹೊತ್ತು ಯೋಚಿಸಿದ. ವಾದದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. “ನೀ ಏನ ಹೊಸಬನ?” ಎಂದು ಕೇಳಿದ.

“ನನಗಿಂತ ಹೊಸಬ ಈ ತಾಲೂಕಿನಾಗ ಇಲ್ಲ,” ಎಂದ ಅಪ್ಪ.

ಹೀಗೆ ನಾವು ಮೂವರು ಹೊರಟೆವು. ಕಾಲೇಜು ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಬುತ್ತಿಯ ಗಂಟಿನ ಉಸ್ತುವಾರಿಗೆ. ಸಿಂದಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದಲ್ಲಿ ದೇವಣಗಾಂವದ ರೈತನೊಬ್ಬ ದೊಡ್ಡಪ್ಪನನ್ನು ಗುರುತು ಹಿಡಿದು ಓಡಿಬಂದ. “ಸಂಗಪ್ಪಣ್ಣಾರ, ಮಗಗ ಮೊದಲ ಜೋಡಿ ತಗೋಬೇಕಾಗೈತ್ರಿ. ಬರ್ರಿ ಒಂದೀಟು.” ದೊಡ್ಡಪ್ಪ ಮುಖ ತಿರುಗಿಸಿ, “ಅದನ್ನ ಬಿಟ್ಟೇನಪಾ. ಈಗ ಕಾರ ನೋಡಾಕ ಹೊಂಟೇನಿ,” ಎಂದ. ಆ ರೈತ ನಮ್ಮನ್ನು, ನಮ್ಮ ಬುತ್ತಿಯ ಗಂಟನ್ನು, ಅಪ್ಪನ ಸವೆದ ಚಪ್ಪಲಿಯನ್ನು ನೋಡಿ, ಭಕ್ತಿಯಿಂದ ಕೈಮುಗಿದ. ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹೊಲಗಳಲ್ಲಿ ಎಲ್ಲೆಲ್ಲೂ ಎತ್ತುಗಳೇ.

ವಿಠ್ಠಲಶೇಟರ ಅಂಗಡಿಯ ಹಿಂದೊಂದು ಉದ್ದನೆಯ ಪಡಸಾಲೆ, ಕೆಳಗೆ ನುಣ್ಣನೆಯ ಫರಸಿಕಲ್ಲು. ಶೇಟರು ಮೂರು ಕಾರು ತಂದಿಟ್ಟರು. ಅವು ಮುಂಬಯಿಗೆ ಹಡಗಿನಲ್ಲಿ ಬಂದಿದ್ದವು. ಹೇಗೆ ಬಂದವೆಂದು ಕೇಳುವ ಪದ್ಧತಿ ಆಗ ಇರಲಿಲ್ಲ. ಒಂದು ಕೆಂಪು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾಗಿದ್ದದ್ದು. ಒಂದು ಹಳದಿ, ಮೈತುಂಬ ಗೆರೆ ಬರೆಸಿಕೊಂಡದ್ದು. ಮೂರನೆಯದು ಬೂದಿಬಣ್ಣದ್ದು, ನಾಲ್ಕು ಬಾಗಿಲು, ಯಾವ ಆಡಂಬರವೂ ಇಲ್ಲ. ಸಂಸಾರಸ್ಥರ ಕಾರಿನಂತೆ ತಲೆ ತಗ್ಗಿಸಿ ನಿಂತಿತ್ತು. ಶೇಟರು ಉದ್ದ ಕಡ್ಡಿಯಿದ್ದ ಒಂದು ಡಬ್ಬಿ ಕೈಗೆ ತೆಗೆದುಕೊಂಡು ದೂರ ಸರಿದು ಬೆರಳು ಆಡಿಸಿದರು.

ಬೂದಿಬಣ್ಣದ ಕಾರು ಹೊರಟಿತು.

ಹೇಗೆ ಹೇಳಲಿ ನಿಮಗೆ? ನೀವು ಇಂಥದ್ದನ್ನು ಹುಟ್ಟಿದಾಗಿನಿಂದ ನೋಡಿದವರು. ನಮ್ಮ ಕಡೆಯ ಲೋಕದಲ್ಲಿ ನಡೆಯುವುದೆಲ್ಲ ಹಗ್ಗದ ತುದಿಯಲ್ಲಿತ್ತು. ಎತ್ತಿಗೆ ಮೂಗುದಾರ, ಬಾವಿಯ ಕೊಡಕ್ಕೆ ಹಗ್ಗ, ಗಾಳಿಪಟಕ್ಕೂ ದಾರ. ಇಲ್ಲಿ ಬೆರಳು ಒಂದು ಕಡೆ, ಗಾಲಿ ಒಂದು ಕಡೆ, ನಡುವೆ ಬರಿಯ ಇಂಡಿಯ ಬಿಸಿಗಾಳಿ. ಕಾರು ಕಂಬದವರೆಗೆ ಹೋಗಿ, ಯಾರೋ ಕರೆದಂತೆ ತಿರುಗಿ, ದೊಡ್ಡಪ್ಪನ ಕೋಲಿನ ಹತ್ತಿರ ಬಂದು ನಿಂತಿತು. ಅಪ್ಪ ಎರಡನೆಯ ಸಲ ನೋಡುತ್ತಿದ್ದರೂ ಬಾಯಿ ಮುಚ್ಚಿರಲಿಲ್ಲ.

ದೊಡ್ಡಪ್ಪ ಕೋಲನ್ನು ಡಬ್ಬಿಗೂ ಕಾರಿಗೂ ನಡುವೆ ಅಡ್ಡ ಆಡಿಸಿದ. ಕಾರು ನಡೆಯಿತು. ಟವೆಲ್ಲು ಬೀಸಿದ. ನಡೆಯಿತು. ಕಡೆಗೆ ತಾನೇ ಕುಂಟುತ್ತ ಹೋಗಿ ನಡುವೆ ನಿಂತ. ಕಾರು ಅವನ ಹಿಂದಿನಿಂದ ಸುತ್ತಿ ಬಂತು.

“ತಮ್ಮಾ, ಡಬ್ಬಿಯಿಂದ ಬರೂದು ನನ್ನೊಳಗ ಹಾಯ್ದ ಹೋತೇನು?”

“ಹೌದಣ್ಣಾ. ನಮ್ಮ ರೇಡಿಯೋಕ್ಕ ಧಾರವಾಡದಿಂದ ಮಾತು ಬರೂದಿಲ್ಲೇನು? ಹಂಗ.”

ದೊಡ್ಡಪ್ಪ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ. “ಏನೂ ಆಗಲಿಲ್ಲಲ್ಲೋ,” ಎಂದ. ನಿರಾಸೆಯೋ ಸಮಾಧಾನವೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ, “ಧಾರವಾಡದ್ದೂ ಹಿಂಗ ದಿನಾ ನನ್ನೊಳಗ ಹಾಯಾಕತ್ತೈತಿ ಅಂದಂಗಾತು,” ಎಂದು ಧಾರವಾಡದ ದಿಕ್ಕಿಗೆ ತಿರುಗಿ ನಿಂತ.

ಬೆರಗು ಮುಗಿದ ಮೇಲೆ ವ್ಯವಹಾರ ಶುರುವಾಯಿತು. ಅಪ್ಪನ ಮನಸ್ಸು ಕೆಂಪು ಕಾರಿನ ಮೇಲೆ ಕೂತಿತ್ತು. ಅದು ಕಣ್ಣು ಮಿಟುಕಿಸುವುದರೊಳಗೆ ಗೋಡೆಯಿಂದ ಗೋಡೆಗೆ ಹಾರುತ್ತಿತ್ತು. ದೊಡ್ಡಪ್ಪ ಒಂದೊಂದನ್ನೂ ಬೆನ್ನ ಮೇಲೆ ಮಲಗಿಸಿ, ಗಾಲಿ ತಿರುಗಿಸಿ, ಹೊಟ್ಟೆ ತಟ್ಟಿ ನೋಡಿದ.

“ಶೇಟರ, ಇದು ಮೇವು ಏನ ತಿಂತೈತಿ?”

“ಕೆಂಪಂದಕ್ಕ ಬ್ಯಾರೆ ಬ್ಯಾಟರಿ ಬೇಕ್ರಿ, ಮುಂಬಯಿಂದಾನ ಬರಬೇಕು. ಬೂದಿಯದು ನಿಮ್ಮ ಬ್ಯಾಟರಿದೀಪದ ಸೆಲ್ಲ ತಿಂತೈತ್ರಿ.”

“ಕಾಲ ಮುರದ್ರ?”

“ಬೂದಿಯದರ ಗಾಲಿ ನನ್ನ ಹಂತೇಕ ಅದಾವ. ಉಳದದ್ದಕ್ಕ ಇಲ್ಲ.”

“ಗ್ವಾಡಿಗಿ ಹಾಯ್ದ್ರ?”

ಶೇಟರು ಈ ಪ್ರಶ್ನೆಗೆ ಸಿದ್ಧರಿರಲಿಲ್ಲ. ದೊಡ್ಡಪ್ಪ ಅಪ್ಪನ ಕೈಗೆ ಡಬ್ಬಿ ಕೊಡಿಸಿ, “ಹೊಡಿ,” ಎಂದ. ಅಪ್ಪ ಕೆಂಪು ಕಾರನ್ನು ಬಹಳ ಉತ್ಸಾಹದಿಂದ ಗೋಡೆಗೆ ಹಾಯಿಸಿದ. ಅದರ ಮೂತಿ ಸೀಳಿತು. ಶೇಟರ ಮೂತಿಯೂ ಸೀಳಿದಂತಾಯಿತು. ಬೂದಿಬಣ್ಣದ್ದನ್ನೂ ಹಾಯಿಸಿದ, ಅದು ಹಿಂದೆ ಸರಿದು, ಕ್ಷಮಿಸಿದವರಂತೆ ನಿಂತಿತು.

“ಹಿಡಿ, ಇದನ್ನ,” ಎಂದ ದೊಡ್ಡಪ್ಪ. “ಹೊಸಬಗ ಓಡೂ ಎತ್ತ ಕೊಡಬಾರದು. ತಪ್ಪ ಮಾಡಿದ್ರ ತಡಕೊಳ್ಳೂದು ಕೊಡಬೇಕು.”

ಬೆಲೆಯ ಮಾತು ಟವೆಲ್ಲಿನ ಕೆಳಗೆ ನಡೆಯಿತು. ದನದ ಸಂತೆಯಲ್ಲಿ ಹಾಗೇ ತಾನೆ? ಇಬ್ಬರ ಕೈಗಳ ಮೇಲೆ ಟವೆಲ್ಲು ಹೊದಿಸಿ, ಬೆರಳು ಹಿಸುಕಿ ಬೆಲೆ ಹೇಳುವುದು; ಬಾಯಲ್ಲಿ ಬರಿಯ ಮಳೆಬೆಳೆಯ ಸುದ್ದಿ. ಶೇಟರ ಅಜ್ಜ ದನದ ವ್ಯಾಪಾರ ಮಾಡಿದವರಂತೆ. ರೇಡಿಯೋಗಳ ನಡುವೆ ಕೂತು ಬೇಸತ್ತಿದ್ದ ಶೇಟರು ಸೀಳಿದ ಮೂತಿಯನ್ನೂ ಮರೆತು ಬೆರಳು ಕೊಟ್ಟರು. ಕೆಂಪಿನ ನಷ್ಟವೂ ಅದರಲ್ಲೇ ಸೇರಿತೋ ಏನೋ. ಒಳಗೆ ಏನು ಇತ್ಯರ್ಥವಾಯಿತೆಂದು ಕೇಳುವುದು ಅಸಭ್ಯತೆಯಾದ್ದರಿಂದ ನಾವು ಕೇಳಲಿಲ್ಲ. ಕೈ ಹೊರಬಂದಾಗ ಇಬ್ಬರೂ ನಗುತ್ತಿದ್ದರು, ಅಪ್ಪನ ಜೇಬಿಗೂ ಜೀವವಿತ್ತು.

ದಾರಿಯುದ್ದಕ್ಕೂ ಕಾರು ದೊಡ್ಡಪ್ಪನ ತೊಡೆಯ ಮೇಲಿತ್ತು. ಎಷ್ಟೋ ದಿನಗಳ ಮೇಲೆ ಅವನು ಅಪರಿಚಿತರೊಡನೆ ತಾನಾಗಿ ಮಾತಾಡಿದ. ಬಸ್ಸಿನ ಕಂಡಕ್ಟರನಿಗೆ ಬೂದಿಬಣ್ಣದ ಲಕ್ಷಣಗಳನ್ನು ವಿವರಿಸಿದ. ಅಪ್ಪ ನನ್ನತ್ತ ನೋಡಿ ಹುಬ್ಬು ಹಾರಿಸಿದ: ಕೆಲಸವಾಯಿತು ಎಂದು.

ಆಗಿರಲಿಲ್ಲ. ಮನೆಯ ಬಾಗಿಲಿಗೆ ಬಂದೆವು. ಅಂಗಳದ ಹಾಸುಗಲ್ಲಿನ ಮೇಲೆ ಕಾರನ್ನು ಇಟ್ಟು, ಅದು ತಾನಾಗಿ ಹೊಸ್ತಿಲವರೆಗೆ ನಡೆದು ಬರಲೆಂದು ದೊಡ್ಡಪ್ಪ ಡಬ್ಬಿ ಹಿಡಿದು ನಿಂತ. ಓಣಿಯೆಲ್ಲ ನೆರೆದಿತ್ತು. ಕಾರು ಹೊರಟಿತು, ಜನರ ಬಾಯಿಂದ ಒಂದೇ ಉಸಿರು ಹೊರಟಿತು. ಹೊಸ್ತಿಲ ಬಳಿ ದೊಡ್ಡವ್ವ ಸೆರಗು ಹೊದ್ದು, ಆರತಿಯ ತಟ್ಟೆ ಮತ್ತು ತುಂಬಿದ ತಂಬಿಗೆ ಹಿಡಿದು ನಿಂತಿದ್ದಳು. ನಮ್ಮ ಮನೆಗೆ ಹೊಸ ಎತ್ತು ಬಂದರೆ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮವಿಟ್ಟೇ ಒಳಗೆ ಕರೆದುಕೊಳ್ಳಬೇಕು. ದೊಡ್ಡಪ್ಪ ಆರಿಸಿ ತಂದದ್ದು, ನಾಲ್ಕು ಕಾಲಿನದು, ತಾನಾಗಿ ನಡೆದು ಬರುತ್ತಿರುವುದು. ಅಂದಮೇಲೆ ಇನ್ನೇನು ಸಂಶಯ? ಅಪ್ಪ “ವೈನೀ, ನೀರ ಬ್ಯಾಡ!” ಎಂದು ಕೂಗುವಷ್ಟರಲ್ಲಿ ಅವಳು ನಾಲ್ಕೂ ಗಾಲಿಗೆ, ಉಳಿದದ್ದನ್ನು ಬೆನ್ನಿಗೆ, ತಂಬಿಗೆ ಬರಿದಾಗುವಂತೆ ಸುರಿದು, ಮೂತಿಗೆ ಕುಂಕುಮ ಹಚ್ಚಿ ಆಗಿತ್ತು.

ಕಾರು ಒಮ್ಮೆ ಗೊರ್ ಎಂದು ನಿಂತಿತು. ದೊಡ್ಡಪ್ಪ ಬೆರಳು ಆಡಿಸಿದ. ಮತ್ತೆ ಆಡಿಸಿದ. ಹೊಸ್ತಿಲ ಈಚೆಗೆ ಅದು ಕುಂಕುಮವಿಟ್ಟುಕೊಂಡು ಸುಮ್ಮನೆ ನಿಂತೇ ಇತ್ತು.

“ನೀರಿಗಿ ಸಾಯೂದು ಎಂಥಾ ಗಾಡಿ?” ಎಂದಳು ದೊಡ್ಡವ್ವ, ಬರಿದಾದ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. “ಮಳಿಗಾಲದಾಗ ಏನ ಮಾಡ್ತಿತ್ತು?”

ಆ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿತ್ತು, ಆದರೆ ಅಪ್ಪ ಹೇಳುವ ಮೊದಲೇ ದೊಡ್ಡಪ್ಪ ಹೇಳಿದ: “ಅಕಿದೇನ ತಪ್ಪಿಲ್ಲ. ಮೇವು ಕೇಳಿದೆ, ಕಾಲು ಕೇಳಿದೆ. ನೀರಾಗ ನಡೀತೈತೋ ಇಲ್ಲೋ ಕೇಳಲಿಲ್ಲ. ನಾ ಆರಿಸಿದ್ದು ಹೊಸ್ತಲಾ ದಾಟಲಿಲ್ಲ.” ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಮರುದಿನದಿಂದ ರೊಟ್ಟಿಯಲ್ಲಿ ತಪ್ಪು ಹುಡುಕುವುದನ್ನೂ ನಿಲ್ಲಿಸಿದ. ಆಗ ನಮಗೆ ನಿಜವಾಗಿ ಹೆದರಿಕೆಯಾಯಿತು.

ಕಾರಿನ ಶುಶ್ರೂಷೆಯನ್ನು ದೊಡ್ಡವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಮಳೆಯಲ್ಲಿ ಹುಟ್ಟಿದ ಕರುವಿಗೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು: ಒರೆಸಿ, ಹಳೆಯ ಕೌದಿಯಲ್ಲಿ ಸುತ್ತಿ, ಒಲೆಯಿಂದ ಮೊಳ ದೂರದಲ್ಲಿ ಬೆಚ್ಚಗೆ ಮಲಗಿಸಿದಳು. ಅಪ್ಪ ಸೆಲ್ಲುಗಳನ್ನು ತೆಗೆದಿಟ್ಟು, “ಒಣಗಲಿ, ಯಾರೂ ಮುಟ್ಟಬ್ಯಾಡ್ರಿ,” ಎಂದ. ಹೊತ್ತು ಹೊತ್ತಿಗೆ ದೊಡ್ಡವ್ವ ಕೌದಿ ಸರಿಸಿ ಹೊರಳಿಸುತ್ತಿದ್ದಳು. ಒಮ್ಮೆ ಅದರ ಕಿವಿಯಿರಬೇಕಾದ ಜಾಗದಲ್ಲಿ ಬಾಗಿ, “ಏಳಪಾ, ಅವರ ಮಾರಿ ನೋಡಿಯಾದ್ರೂ ಏಳು,” ಎಂದು ಹೇಳುವುದನ್ನು ಕೇಳಿದೆ. ನಗು ಬರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಅಪ್ಪ ಸೆಲ್ಲು ತುಂಬಿ, ಕಾರನ್ನು ಅಂಗಳದ ಕಲ್ಲಿನ ಮೇಲಿಟ್ಟು, ಡಬ್ಬಿಯನ್ನು ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನ ತೊಡೆಯ ಮೇಲಿಟ್ಟ. ತಾನು ಮಾಡಿ ನೋಡುವ ಧೈರ್ಯ ಅವನಿಗಿರಲಿಲ್ಲ. ದೊಡ್ಡಪ್ಪ ಡಬ್ಬಿಯನ್ನು ನೋಡಲೂ ಇಲ್ಲ. ಬಹಳ ಹೊತ್ತಿನ ಮೇಲೆ ಒಂದು ಹೆಬ್ಬೆರಳು ತಾನಾಗಿ ಮೇಲೆ ಬಂತು.

ಕಾರು ಅಲುಗಿತು. ಒಂದು ಗೇಣು. ಮತ್ತೊಂದು. ಆಮೇಲೆ ಅಂಗಳ ದಾಟಿ, ತುಳಸಿಕಟ್ಟೆಯನ್ನು ಬಳಸಿ, ಕಟ್ಟಿದ್ದ ಎಮ್ಮೆಯ ಮುಂದೆ ಹಾಯಿತು. ಎಮ್ಮೆ ಮೆಲುಕು ನಿಲ್ಲಿಸಿತು. ದೊಡ್ಡವ್ವ ಬಾಗಿಲಲ್ಲಿ ನಿಂತು ಎರಡೂ ಕೈ ಎತ್ತಿ ಮುಗಿದಳು, ಯಾರಿಗೆ ಎಂದು ಗೊತ್ತಿಲ್ಲ. ನಾನು ನೋಡುತ್ತಿದ್ದುದು ಕಾರನ್ನಲ್ಲ, ದೊಡ್ಡಪ್ಪನನ್ನು. ಅವನ ನಾಲಿಗೆ ಎತ್ತಿಗೆ ಮಾಡುವಂತೆ ಲೊಚ್ ಲೊಚ್ ಎನ್ನುತ್ತಿತ್ತು. ತಿರುವಿನಲ್ಲಿ “ಹೋ… ಹೋ…” ಎನ್ನುತ್ತಿದ್ದ. ಆ ಕಾರು ಅವನ ಮಾತು ಕೇಳಿ ತಿರುಗುತ್ತಿದೆಯೆಂದು ನಾನು, ಕಾಲೇಜು ಮುಗಿಸಿದವನು, ಮನಸಾರೆ ನಂಬಿದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಸಂಜೆಯವರೆಗೂ ಅವನು ಕೂತಲ್ಲಿಂದ ಏಳಲಿಲ್ಲ, ಕಾರು ನಿಲ್ಲಲಿಲ್ಲ. ಕಡೆಗೆ ಅಪ್ಪನನ್ನು ಕರೆದ.

“ತಮ್ಮಾ, ಅದರ ಎಡಗಡಿ ಹಿಂದಿನ ಗಾಲಿ ಒಂದೀಟು ಎಳೀತೈತಿ. ನೋಡಿದೇನು?”

ಅಪ್ಪ ಬಗ್ಗಿ ನೋಡಿದ. ಗಾಲಿಯ ಸಂದಿಯಲ್ಲಿ ಕೌದಿಯ ಎಳೆಯೊಂದು ಸುತ್ತಿಕೊಂಡಿತ್ತು. “ಇಲ್ಲಿಂದ ನಿನಗ ಹೆಂಗ ಕಂಡಿತು?”

ದೊಡ್ಡಪ್ಪ ತನ್ನ ಬಗ್ಗದ ಕಾಲನ್ನು ನೋಡಿದ, ಅಂಗಳದ ಆ ತುದಿಯಲ್ಲಿದ್ದ ಕಾರನ್ನು ನೋಡಿದ. ಮುಖದ ಮೇಲೆ ಇಂಡಿಯ ಪಡಸಾಲೆಯಲ್ಲಿ ಕಂಡದ್ದಕ್ಕಿಂತ ದೊಡ್ಡ ಬೆರಗು ಮೂಡಿತು. “ನಾ ಜೋಡಿ ನಡೀಲಿಲ್ಲ,” ಎಂದ. “ಕುಂತಲ್ಲೇ ಕುಂತೇನಿ. ಆದ್ರೂ ಕಂಡಿತು.”

ಮುಂದಿನದನ್ನು ನೀವು ಊಹಿಸಿರಬೇಕು. ಎತ್ತುಗಳು ನಮ್ಮ ಮನೆಯ ಮುಂದೆ ಬರತೊಡಗಿದವು. ಕಟ್ಟೆಯ ಮೇಲೆ ದೊಡ್ಡಪ್ಪ, ಬೀದಿಯಲ್ಲಿ ಜೋಡಿಗಳ ನಡಿಗೆ. ಆದರೆ ಒಂದನ್ನು ನೀವು ಊಹಿಸಲಾರಿರಿ. ಎತ್ತು ನಡೆದು ಮುಗಿದ ಮೇಲೆ ಅವನು ಕೊಳ್ಳುವವನಿಗೆ, “ಎತ್ತ ಆತು. ಈಗ ನೀ ನಡಿ,” ಎನ್ನುತ್ತಿದ್ದ. ಮುದ್ದೇಬಿಹಾಳದ ಒಬ್ಬ ತಕರಾರು ತೆಗೆದ: “ಮಾರಾಟಕ್ಕ ನಾ ಬಂದಿಲ್ರಿ ಸಂಗಪ್ಪಣ್ಣಾರ!” ದೊಡ್ಡಪ್ಪ ಶಾಂತನಾಗಿ ಹೇಳಿದ: “ಮಗ್ಗಲಾಗ ನಡಿಯೂಮುಂದ ನನಗ ಎತ್ತಷ್ಟ ಕಾಣತಿತ್ತು. ಕುಂತ ಮ್ಯಾಲ ಹಗ್ಗ ಹಿಡಿಯಾಂವನೂ ಕಾಣಾಕತ್ತಾನ. ನಡಿ.” ಅವಸರದ ನಡಿಗೆಯವನಿಗೆ ಸಾವಧಾನದ ಜೋಡಿ, ಅಳುಕುವವನಿಗೆ ಅಳುಕದ ಜೋಡಿ. ಸುತ್ತಿನ ಊರುಗಳ ಗಂಡಸರೆಲ್ಲ ನಮ್ಮ ಬೀದಿಯಲ್ಲಿ ಮದುಮಗಳಂತೆ ನಡೆದು ತೋರಿಸಿದರು. ಬೂದಿಬಣ್ಣದ ಕಾರು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ, ಸಹಾಯಕ ನ್ಯಾಯಾಧೀಶನಂತೆ ಕೂತಿರುತ್ತಿತ್ತು. ಕೊಂಡ ಅಪ್ಪನ ಕೈಗೆ ಡಬ್ಬಿ ಸಿಕ್ಕದ್ದು ಅಪರೂಪ. ಸಿಕ್ಕಾಗಲೆಲ್ಲ ಅವನು ತುಳಸಿಕಟ್ಟೆಗೆ ಹಾಯಿಸುತ್ತಿದ್ದ, ಅದು ತಡೆದುಕೊಳ್ಳುತ್ತಿತ್ತು.

ಇಷ್ಟೆಲ್ಲ ನೆನೆಯುತ್ತ ಕೂತವನಿಗೆ ನಿನ್ನೆ ಸಂಜೆ ಗೋಡೆಯಾಚೆ ಮ್ಯಾನೇಜರರು ಕೆಮ್ಮಿದ್ದು ಕೇಳಿಸಿತು. ಕೂಗಿ ಕರೆದೆ. ಅವರು ಫೋನು ಹಿಡಿದೇ ಓಡಿಬಂದರು.

“ಫೋನ ಒಳಗಿಡ್ರಿ,” ಎಂದೆ. “ಮೊದಲ ಆ ಗೇಟಿನತನಕ ಹೋಗಿ ಬರ್ರಿ.”

“ಯಾಕ್ರಿ, ಯಾರರ ಬಂದಾರೇನು?”

“ಯಾರೂ ಇಲ್ಲ. ನಡೀರಿ, ನಾ ನೋಡ್ತೇನಿ.”

ಒಂದು ಬ್ಯಾಂಕು ಆಳಿದವರು ವಿಧೇಯರಾಗಿ ಫೋನು ಜೇಬಿಗಿಟ್ಟು, ಕೈ ಹಿಂದೆ ಕಟ್ಟಿಕೊಂಡು ಗೇಟಿನವರೆಗೆ ನಡೆದರು, ತಿರುಗಿ ಬಂದರು. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದೆ. ತಿರುಗುವಾಗ ಅವರು ಎಡಬಲ ನೋಡದೆ ಗಕ್ಕನೆ ತಿರುಗುತ್ತಾರೆ. ಬಲಭುಜ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಷ್ಟು ವರ್ಷ ಅವರ ಜೊತೆ ಬೆಳಗಿನ ವಾಕಿಂಗ್ ಹೋಗಿದ್ದೆ, ಒಮ್ಮೆಯೂ ಕಂಡಿರಲಿಲ್ಲ.

“ಹಿಂಗ ಇನ್ನೊಮ್ಮೆ ಹೋಗಿ ಬರ್ರಿ,” ಎಂದೆ. ಅವರು ಹೋದರು. ನನಗೆ ಅವಸರವಿರಲಿಲ್ಲ.